ನರ್ಸಿಂಗ್ ಕಾಲೇಜಿನ ಅವ್ವ

“ಏ, ಅಲ್ಲಿ ನೋಡ್ರಿಲೇ! ಅವತ್ತು ಬಸ್ಸಿನ್ಯಾಗ ಇದ್ಲಲ್ಲಾ, ಆ ದೊಡ್ಡ ವಯಸ್ಸಿನ ಕಾಲೇಜು ಹುಡುಗಿ! ಆಕಿನ ಬಂದಾಳ!”

ಸುಮಿತಾ ಕಿಟಕಿಯ ಸರಳು ಹಿಡಿದು ಜಿಗಿದಾಡುತ್ತಿದ್ದಳು. ಐದನೇ ಕ್ಲಾಸಿನ ಅರ್ಧ ಮಕ್ಕಳು ಅವಳ ಬೆನ್ನ ಮೇಲೆ ಬಿದ್ದಿದ್ದರು. ಶೈಲಶ್ರೀ ಮಾತ್ರ ಬೆಂಚು ಬಿಟ್ಟು ಏಳಲಿಲ್ಲ. ಎದ್ದು ನೋಡುವುದೇನು, ಅವಳಿಗೆ ಗೊತ್ತೇ ಇತ್ತು.

ಆವತ್ತು ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ. ಹಳಿಯಾಳದಿಂದ ನರ್ಸಿಂಗ್ ಕಲಿಯುವ ಹುಡುಗಿಯರು ದಾಂಡೇಲಿಗೆ ಬಂದಿದ್ದರು. ತಿಳಿನೀಲಿ ಚೂಡಿದಾರ, ಮೇಲೊಂದು ಬಿಳಿ ಕೋಟು, ಕೊರಳಲ್ಲಿ ಐಡಿ ಕಾರ್ಡು. ಎಲ್ಲರೂ ಈಗಷ್ಟೇ ಪಿಯುಸಿ ಮುಗಿಸಿದವರು. ಸಾಲಿನ ಕೊನೆಯಲ್ಲಿ ಒಬ್ಬಳು ಮಾತ್ರ ಬೇರೆ. ಸ್ವಲ್ಪ ದಪ್ಪ, ಕಾಲಲ್ಲಿ ಕಾಲುಂಗುರ, ಕಂಕುಳಲ್ಲಿ ತೂಕದ ಮಷಿನ್ನು. ಅವಳ ಹೆಸರು ವಿದ್ಯಾವತಿ. ಅವಳೇ ಶೈಲಶ್ರೀಯ ಅವ್ವ.

“ಅಷ್ಟ ವಯಸ್ಸಾದ್ರೂ ಇನ್ನೂ ಕಾಲೇಜಿಗೆ ಹೋಗ್ತಾಳ ಅಂದ್ರ ಎಷ್ಟ ಸಲ ಫೇಲಾಗಿರಬೇಕ!” ಅಂದಳು ಸುಮಿತಾ. ಎಲ್ಲರೂ ಕಿಸಕ್ಕನೆ ನಕ್ಕರು.

ಇದೇ ಮಾತನ್ನು ಸುಮಿತಾ ಹೋದ ತಿಂಗಳು ಬಸ್ಸಿನಲ್ಲೂ ಹೇಳಿದ್ದಳು, ಮುಂದಿನ ಸೀಟಿನಲ್ಲಿ ಇವರನ್ನು ಗಮನಿಸದೆ ಪುಸ್ತಕ ಓದುತ್ತಿದ್ದ ಅವ್ವನನ್ನು ತೋರಿಸಿ. ಆಗ ಶೈಲಶ್ರೀಯೂ ನಕ್ಕುಬಿಟ್ಟಿದ್ದಳು. ನಗಬಾರದಿತ್ತು. “ಆಕಿ ನಮ್ಮವ್ವ” ಅನ್ನಲು ಬಾಯಿ ತೆರೆದಳು, ಆದರೆ ಹೊರಗೆ ಬಂದದ್ದು ನಗು! ಸುಮಿತಾ ಈ ವರ್ಷವಷ್ಟೇ ತೇರಗಾಂವದಿಂದ ಬಂದವಳು. ಶಾಲೆಯ ಮೀಟಿಂಗಿಗೆ ಯಾವಾಗಲೂ ಅಪ್ಪನೇ ಬರುತ್ತಿದ್ದ. ಹಾಗಾಗಿ ಶೈಲಶ್ರೀಯ ಅವ್ವ ಯಾರೆಂದು ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಅವ್ವ ಫೇಲಾದವಳೇನೂ ಅಲ್ಲ ಮತ್ತೆ. ಪಿಯುಸಿ ಪಾಸಾದ ಬೇಸಿಗೆಯಲ್ಲೇ ಮದುವೆಯಾಗಿತ್ತು, ಅಷ್ಟೇ. “ಈ ವರ್ಷ ಬಿಟ್ರ ನನ್ನ ವಯಸ್ಸು ಮೀರತೈತಿ, ಆಮ್ಯಾಲ ಯಾರೂ ಸೀಟ್ ಕೊಡೂದಿಲ್ಲ” ಎಂದು ಹಟ ಹಿಡಿದು ಅರ್ಜಿ ಹಾಕಿದ್ದಳು. ಸೀಟು ಸಿಕ್ಕ ದಿನ ಶೈಲಶ್ರೀಯನ್ನು ಎತ್ತಿಕೊಂಡು ಅಡುಗೆಮನೆಯಲ್ಲಿ ಗಿರಗಿರ ತಿರುಗಿದ್ದಳು. ಶೈಲಶ್ರೀಗೂ ಆಗ ಖುಷಿಯೋ ಖುಷಿ. ದಿನಾ ಸಂಜೆ ಅವಳೇ ಪೇಷಂಟು. ಅವ್ವ ಅವಳ ಕೈಗೆ ಬ್ಯಾಂಡೇಜು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಕಲಿಯುತ್ತಿದ್ದಳು. ಆ ಬಸ್ಸಿನ ದಿನದಿಂದ ಶೈಲಶ್ರೀ ಪೇಷಂಟ್ ಆಗುವುದನ್ನು ಬಿಟ್ಟಳು.

ನಿನ್ನೆ ಸಂಜೆ ಅವ್ವ ರೊಟ್ಟಿ ಬಡಿಯುತ್ತಾ ಹೇಳಿದಳು. “ಶೈಲೂ, ನಾಳೆ ನಿಮ್ಮ ಸಾಲಿಗೇ ಹಾಕ್ಯಾರ ನಮ್ಮನ್ನ!”

“ನೀ ಬರಬ್ಯಾಡ.”

“ಹಂಗಂದ್ರ ಹೆಂಗ? ಅದಕ್ಕೂ ಮಾರ್ಕ್ಸ್ ಅದಾವು.”

“ಹಂಗಾರ ನನ್ನ ಮಾತಾಡಸಬ್ಯಾಡ. ನೀ ನಮ್ಮವ್ವ ಅಂತ ಯಾರ ಮುಂದೂ ಹೇಳಬ್ಯಾಡ.”

ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. “ಆತು ಬಿಡು” ಅಂದಳು, ಅಷ್ಟೇ.

ಈಗ ಶಾಲೆಯ ಹಾಲ್‌ನಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ನಿರ್ಮಲಾ ಎಂಬ ತೆಳ್ಳನೆಯ ಹುಡುಗಿ ಗೋಡೆಗೆ ನಿಲ್ಲಿಸಿ ಎತ್ತರ ನೋಡಿ ಬರೆದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅವ್ವ ತೂಕದ ಮಷಿನ್ನಿನ ಮುಂದೆ ಕೂತಿದ್ದಳು.

“ಬಾ ಸಾಹೇಬಾ, ಚಪ್ಪಲ್ ಬಿಚ್ಚಿ ಮ್ಯಾಲೆ ಹತ್ತು. ಮುಂಜಾನೆ ಏನ್ ತಿಂದಿ? ಏನೂ ಇಲ್ಲಾ? ಅದಕ್ಕ ನೋಡು, ಮಷಿನ್ನಿನ ಮುಳ್ಳು ಮುಂದ ಹೋಗವಲ್ದು!”

ಮಕ್ಕಳಿಗೆ ಅವಳು ಹಿಡಿಸಿಬಿಟ್ಟಳು. ಸುಮಿತಾಳ ಸರದಿ ಬಂದಾಗ ಅವ್ವ ಅವಳ ಬಿಚ್ಚಿಹೋದ ರಿಬ್ಬನ್ನು ಕಟ್ಟಿ, ತಲೆ ಸವರಿ ಕಳಿಸಿದಳು. “ಏ ಶೈಲಾ, ಭಾಳ ಛಲೋ ಅದಾಳ ಆಕಿ!” ಎಂದು ಸುಮಿತಾ ಪಿಸುಗುಟ್ಟಿದಳು. ಶೈಲಶ್ರೀ ತನ್ನ ಜಡೆಯ ರಿಬ್ಬನ್ನು ಜಗ್ಗಿದಳು. ತಲೆ ಸವರುವ ಆ ಕೈ ತನಗೆ ಸೇರಿದ್ದಲ್ಲವೇ?

ಅವಳು ಮಷಿನ್ ಹತ್ತಿದಳು. ಅವ್ವ ಅವಳ ಮುಖ ನೋಡಲಿಲ್ಲ.

“ಹೆಸರೇನು ತಂಗಿ?”

ತಂಗಿ! ಗುರುತಿಲ್ಲದ ಹುಡುಗಿಯರನ್ನು ಮಾತಾಡಿಸುವಾಗ ಎಲ್ಲರೂ ಅನ್ನುವ ಮಾತು. ಅವ್ವ ಮಾತು ಕೊಟ್ಟಿದ್ದಳು, ಅದರಂತೆ ನಡೆಯುತ್ತಿದ್ದಳು.

“ಶೈಲಶ್ರೀ,” ಅಂದಳು ಇವಳು. ತನ್ನ ದನಿ ತನಗೇ ಸರಿಯಾಗಿ ಕೇಳಿಸಲಿಲ್ಲ.

ಅಷ್ಟರಲ್ಲಿ ನಿರ್ಮಲಾ ಈ ಕಡೆ ತಿರುಗಿದಳು. “ವಿದ್ಯಕ್ಕಾ, ನಿಮ್ಮ ಮಗಳೂ ಇದ ಸಾಲಿ, ಇದ ಕ್ಲಾಸ್ ಅಂದಿದ್ರಲ್ರಿ? ಯಾವಾಕಿ ಆಕಿ? ನನ್ನ ಮಗಳು ಹಂಗ, ನನ್ನ ಮಗಳು ಹಿಂಗ ಅಂತ ದಿನಾ ಹೇಳ್ತೀರಿ. ಆಕಿ ಕೈ ಕೊಟ್ಟಿದ್ದಕ್ಕ ನಾ ಬ್ಯಾಂಡೇಜ್ ಕಲತೆ ಅಂತೀರಿ. ತೋರಸ್ರಿ ಇವತ್ತ!”

ಅವ್ವ ಮುಳ್ಳನ್ನೇ ನೋಡುತ್ತಿದ್ದಳು.

“ಇಲ್ಲವ್ವಾ. ಆಕಿ ಇವತ್ತ ಸಾಲಿಗೆ ಬಂದಿಲ್ಲ. ಮೈಯಾಗ ಆರಾಮಿಲ್ಲ.”

“ಅಯ್ಯ ಪಾಪ!” ಅಂದಳು ನಿರ್ಮಲಾ.

ಅವ್ವನಿಗೆ ಸುಳ್ಳು ಹೇಳಲು ಬರುವುದೇ ಇಲ್ಲ. ಹೇಳಿದರೆ ಕಿವಿ ಕೆಂಪಾಗುತ್ತವೆ. ಈಗಲೂ ಆಗಿದ್ದವು. ಅದನ್ನು ನೋಡಿ ಶೈಲಶ್ರೀಗೆ ಎಂಥ ನಾಚಿಕೆಯಾಯಿತೆಂದರೆ, ಬಸ್ಸಿನಲ್ಲಿ ಆದದ್ದು ಇದರ ಮುಂದೆ ಏನೂ ಅಲ್ಲ. ಆವತ್ತಿನ ನಾಚಿಕೆ ಅವ್ವನ ಬಗ್ಗೆ. ಇದು ತನ್ನ ಬಗ್ಗೆ.

“ಆತು, ಇಳಿ ತಂಗಿ.”

ಶೈಲಶ್ರೀ ಇಳಿಯಲಿಲ್ಲ. ಹಿಂದಿನ ಹುಡುಗ ಬೆನ್ನಿಗೆ ತಿವಿದ. “ಏ, ಇಳಿಯೇ!”

“ಬಂದೇನಿ,” ಅಂದಳು ಶೈಲಶ್ರೀ.

ಅವ್ವ ತಲೆ ಎತ್ತಿದಳು.

“ನಾ ಬಂದೇನವ್ವಾ. ಆರಾಮ ಅದೇನಿ.”

ಸುಮಿತಾ ಬಾಯಿ ಬಿಟ್ಟುಕೊಂಡು ಹತ್ತಿರ ಬಂದಳು. “ಶೈಲಾ, ಆಕಿ... ಇವರು ನಿಮ್ಮವ್ವ ಏನ?”

“ಹೂಂ, ನಮ್ಮವ್ವ. ಒಂದ್ ಸಲಾನೂ ಫೇಲಾಗಿಲ್ಲ. ಈ ವರ್ಷ ಹೊಸದಾಗಿ ಸೇರ್ಯಾಳ.” ಹೇಳುವಾಗ ಶೈಲಶ್ರೀಯ ಗಲ್ಲ ಕಾದ ಹಂಚಿನಂತಾಗಿತ್ತು. ಆದರೂ ಕೊನೆಯವರೆಗೆ ಹೇಳಿದಳು.

ಅವ್ವ ಸುಮಿತಾಳನ್ನು ನೋಡಿದಳು, ಮಗಳನ್ನು ನೋಡಿದಳು. ಏನು ನಡೆದಿತ್ತೋ ಅಷ್ಟೂ ಅವಳಿಗೆ ತಿಳಿಯಿತು.

“ಅಕ್ಕಾ, ಈಕಿ ತೂಕ ಎಷ್ಟು ಅಂತ ಹೇಳಲೇ ಇಲ್ರಿ,” ಅಂದಳು ನಿರ್ಮಲಾ ಮೆಲ್ಲಗೆ.

ಅವ್ವ ಬಗ್ಗಿದಳು. ಕೋಟಿನ ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಬಗ್ಗಿದಳು.

“ಶೈಲೂ, ನನಗ ಮುಳ್ಳು ಕಾಣವಲ್ದು. ನೀನ ನೋಡಿ ಹೇಳು.”

ಶೈಲಶ್ರೀ ಅವ್ವನ ಹೆಗಲು ಹಿಡಿದುಕೊಂಡು ಕೆಳಗೆ ನೋಡಿದಳು.

“ಇಪ್ಪತ್ತೇಳು, ಅವ್ವಾ.”