ಹತ್ತನೇ ವಾರ

"ಹತ್ತಿರ ಬರಬೇಡಿ!"

ಆಸ್ಪತ್ರೆಯ ಮಂಚದಿಂದಲೇ ಸೌದಾಮಿನಿ ಕೈ ಅಡ್ಡ ಹಿಡಿದಳು. ಮುಳ್ಳೇರಿಯದಿಂದ ಬಸ್ಸು ಹಿಡಿದು ಬಂದ ಗಂಡ ಪ್ರವೀತ್ ಬಾಗಿಲಲ್ಲೇ ನಿಂತುಬಿಟ್ಟ. ಮರುಕ್ಷಣ ಅವಳು ಬೇಸಿನ್ನಿಗೆ ಬಗ್ಗಿದಳು... ಬಂದದ್ದು ಬರೀ ಹಳದಿ ನೀರು.

ತಲೆಯೆತ್ತಿದಾಗ ಬಾಗಿಲು ಖಾಲಿ.

'ಹೋದರು... ಅವರಿಗೂ ನಾನು ಸಾಕಾದೆ.'

ಬಸುರಿಗೆ ಹತ್ತನೇ ವಾರ. ತೂಕ ಐವತ್ತೊಂದರಿಂದ ನಲವತ್ತೈದಕ್ಕೆ ಇಳಿದಿತ್ತು. ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಮಗು ಉಳಿಯಲಿ ಎಂದು ಆಸೆಪಡುವ ಶಕ್ತಿಯೂ ಉಳಿದಿರಲಿಲ್ಲ. ಅದನ್ನು ಯಾರಿಗೆ ಹೇಳುವುದು?

"ಎಲ್ಲರಿಗೂ ಆಗುವುದೇ ಮಾರಾಯ್ತಿ! ನಾನು ವಾಂತಿ ಮಾಡಿಕೊಂಡೇ ಗೇರುಬೀಜ ಹೆಕ್ಕಿದವಳು," ಎಂದಿದ್ದರು ಅತ್ತೆ.

ಈಗ ನೋಡಲು ಬಂದ ಡಾಕ್ಟರಮ್ಮ ಮಾತ್ರ ಹಾಗೆನ್ನಲಿಲ್ಲ. "ಇದು ಎಲ್ಲರಿಗೂ ಆಗುವಂಥದ್ದಲ್ಲ. ಮೂತ್ರದಲ್ಲಿ ಕೀಟೋನ್ ಉಂಟು, ಮೈಗೆ ಆಹಾರ ಸಿಗ್ತಾ ಇಲ್ಲ ಅಂತ ಅರ್ಥ. ಮಾತ್ರೆ ಕೊಡ್ತೇನೆ, ಹೆದರಬೇಡ. ಏಳುವ ಮೊದಲು ಒಣ ರಸ್ಕ್, ಆಮೇಲೆ ಚಮಚದಲ್ಲಿ ನೀರು. ಯಾವ ವಾಸನೆಗೆ ಜಾಸ್ತಿ ಆಗ್ತದೆ?"

"ಅವರ ಹೊಸ ಸೋಪು... ಪೌಡರು..."

"ಅವರಿಗೆ ಹೇಳಿದ್ದೀಯಾ?"

ಇಲ್ಲ. ಅವನು ಬಳಿ ಬಂದಾಗ ಬಾಯಿ ತೆರೆದರೆ ಮಾತಿಗಿಂತ ಮೊದಲು ವಾಂತಿ!

ಡಾಕ್ಟರಮ್ಮ ಹೋದ ಮೇಲೆ ಗೋಡೆಯಾಚೆಯಿಂದ ಅವನ ದನಿ ಕೇಳಿತು.

"ನಾನು ಹೋಗಿಲ್ಲ, ಹೊರಗೇ ಇದ್ದೇನೆ... ರಬ್ಬರ್ ಹಾಲಿನ ನಾತ ಅಲ್ವಾ? ಎಮ್ಮೆಸ್ಸಿ ಹೆಂಡತಿಗೆ ರಬ್ಬರ್ ಟ್ಯಾಪಿಂಗಿನವನ ಮೈ ಹಿಡಿಸ್ತದಾ ಅಂತ ತೋಟದಲ್ಲಿ ಜೊತೆಗೆ ಕೆಲಸ ಮಾಡುವ ಪೂವಪ್ಪಣ್ಣ ನಗಾಡಿದ್ರು. ದಿನಕ್ಕೆ ಮೂರು ಸಲ ಸೋಪು ಹಾಕಿದೆ. ಹೋಗುವುದೇ ಇಲ್ಲ. ನೀನು ತಾಯಿ ಮನೆಗೆ ಹೋಗುವುದಾದ್ರೆ... ನಾನು ಅಡ್ಡ ಬರುವುದಿಲ್ಲ."

ಅವಳು ಕಾರಿಕೊಂಡಷ್ಟೂ ಅವನು ಉಜ್ಜಿಕೊಂಡಿದ್ದ. ಅವನು ಉಜ್ಜಿಕೊಂಡಷ್ಟೂ ಅವಳು ಕಾರಿಕೊಂಡಿದ್ದಳು!

"ರಬ್ಬರಲ್ಲ... ಆ ಸೋಪು! ನಿಮ್ಮ ಕೆಲಸಕ್ಕೆ ನಾನು ಯಾವಾಗ ಅಸಹ್ಯಪಟ್ಟಿದ್ದೇನೆ?"

ಹೊರಗೆ ನಲ್ಲಿ ಬಹಳ ಹೊತ್ತು ಸುರಿಯಿತು. ತೊಯ್ದ ತಲೆಯಲ್ಲಿ ಪ್ರವೀತ್ ಒಳಗೆ ಬಂದ. ಆದರೂ ಅವಳಿಗೆ ಮತ್ತೆ ವಾಕರಿಕೆ ಬಂತು. ಅವನು ಹಿಂದೆ ಸರಿಯದೆ ಬೇಸಿನ್ ಹಿಡಿದ.

"ಇದೂ ನನ್ನಿಂದಲಾ?"

"ಅಲ್ಲ... ಇದು ಹೀಗೇ. ಎಷ್ಟು ವಾರವೋ..." ಅವಳು ಬಿಕ್ಕಿದಳು. "ಒಮ್ಮೊಮ್ಮೆ ಈ ಮಗುವೇ ಬೇಡ ಅನಿಸ್ತದೆ. ನಾನು ಕೆಟ್ಟವಳಾ?"

ಅವನು ಅವಳ ಬಾಯಿ ಒರೆಸಿದ.

"ಅಲ್ಲ. ಆಸೆಪಡುವ ಕೆಲಸ ಸದ್ಯಕ್ಕೆ ನನಗೆ ಬಿಡು. ನೀನು ಒಂದು ಚಮಚ ನೀರು ಕುಡಿ."

"ಅದೂ ನಿಲ್ಲದಿದ್ರೆ?"

"ಇನ್ನೊಂದು ಚಮಚ."