ಕಿವಿಯ ಹಿಂದಿನ ಬೊಟ್ಟು

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಮಿಲ್ಡುರಾ ಊರಿನ ನಮ್ಮ ಬ್ಯೂಟಿ ಪಾರ್ಲರಿನಲ್ಲಿ ಹುಬ್ಬಿಗೆ ಬಣ್ಣ ಹಚ್ಚುವ ಮೊದಲು ಕಿವಿಯ ಹಿಂದೆ ಅದೇ ಬಣ್ಣದ ಬೊಟ್ಟಿಟ್ಟು, ತುರಿಕೆ ಬರುತ್ತದೆಯೇ ಎಂದು ಎರಡು ದಿನ ಕಾಯುತ್ತೇವೆ. ಹದಿನೆಂಟು ವರ್ಷಗಳಲ್ಲಿ ನಾನದನ್ನು ಬಿಟ್ಟದ್ದು ಒಮ್ಮೆ ಮಾತ್ರ. ನನ್ನನ್ನು ಸದಾ ಪುಟ್ಟಾ ಎನ್ನುತ್ತಿದ್ದ ಹಳೇ ಗಿರಾಕಿ ಮರ್ಲ್ ಟ್ರಾಂಟರ್ ತೀರಿಕೊಂಡಾಗ, ಶವಪೆಟ್ಟಿಗೆ ಮುಚ್ಚುವ ಮುನ್ನ ನಾನೊಬ್ಬಳೇ ಕೂತು ಅವರ ಹುಬ್ಬಿಗೆ ಬಣ್ಣ ಹಚ್ಚಿದೆ. ಸತ್ತವರಿಗೆಂಥ ತುರಿಕೆ ಎಂದುಕೊಂಡೆ.

ಆರು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಕಾಲು ಸೋತು ಕುರ್ಚಿಗೊರಗಿದ್ದೆ. ಹೊರಗೆ ನಲವತ್ತು ಡಿಗ್ರಿ ಬಿಸಿಲು. ಗಿರಾಕಿಗಳು ತುಂಬುವ ಫಾರ್ಮ್ ನೋಡಲೆಂದು ಮಡಿಲಲ್ಲಿಟ್ಟುಕೊಂಡಿದ್ದ ಟ್ಯಾಬ್ಲೆಟ್ ಮಾತ್ರ ಮಂಜಿನಂತೆ ಕೊರೆಯುತ್ತಿತ್ತು.

"ಮರ್ಲ್ ಅವ್ರ ಫಾರ್ಮ್ ಬಂದಿದೆ ಕಣೇ," ಎಂದೆ.

ಜೊತೆಗೆ ಕೆಲಸ ಮಾಡುವ ಟೀಗನ್ ತಲೆಯೆತ್ತಲಿಲ್ಲ. "ಆ ಅಜ್ಜಿ ಹೆಸರು ನೀನಿನ್ನೂ ಪಟ್ಟಿಯಿಂದ ತೆಗೆದಿಲ್ವಲ್ಲ, ಆರು ವಾರಕ್ಕೊಂದ್ಸಲ ತಾನಾಗೇ ಬರತ್ತೆ. ಖಾಲಿ ಇರತ್ತೆ, ಅಳಿಸ್ಬಿಡು ಮಾರಾಯ್ತಿ."

ಖಾಲಿ ಇರಲಿಲ್ಲ. ‘ಕಳೆದ ಬಾರಿ ಬಣ್ಣ ಹಚ್ಚಿದ ಮೇಲೆ ತೊಂದರೆಯಾಯಿತೇ?’ ಎಂಬ ಪ್ರಶ್ನೆಯ ಕೆಳಗೆ ಉತ್ತರ ತುಂಬಿತ್ತು:

"ಎಡಹುಬ್ಬು ತುಂಬಾ ತುರಿಸ್ತಿದೆ ಪುಟ್ಟಾ. ಈ ಸಲ ನೀನು ಬೊಟ್ಟು ಇಡ್ಲಿಲ್ಲ. ಕೆರ್ಕೊಳ್ಳೋಣ ಅಂದ್ರೆ ಇಲ್ಲಿ ಕೈ ಎತ್ತೋಕೆ ಜಾಗ ಇಲ್ಲ."