ಎರಡೂ ಕೈ ತುಂಬಿ ಬಂದವನು

ಎರಡೂ ಕೈಯಲ್ಲಿ ಲ್ಯಾಮಿಂಗ್ಟನ್ ತಟ್ಟೆ ಹಿಡಿದು, ಹೆಗಲಿಗೆ ಟೂಲ್ ಬ್ಯಾಗ್ ಇಳಿಬಿಟ್ಟುಕೊಂಡು ಬಂದವನ ಮುಖದ ಮೇಲೆ ಬಾಗಿಲು ಹಾಕುವಷ್ಟು ಕಲ್ಲು ಮನಸ್ಸು ಟೀಗನ್‌ಗೆ ಇರಲಿಲ್ಲ. ಲಾನ್ಸೆಸ್ಟನ್ ಊರಿನಲ್ಲಿ ಯಾರಿಗೂ ಇರಲಿಕ್ಕಿಲ್ಲ. ಅದೂ ಮಂಗಳವಾರ ಬೆಳಗಿನ ಟೀ ಹೊತ್ತು, ಕೊಬ್ಬರಿ ತುರಿಯಲ್ಲಿ ಹೊರಳಿದ ಚಾಕೊಲೇಟ್ ಕೇಕು ಎದುರಿಗೇ ನಡೆದು ಬರುತ್ತಿದೆ. ಅವಳು ತನ್ನ ಕಾರ್ಡು ಉಜ್ಜಿ, ಕ್ಲಿನಿಕ್ಕಿನ ಸಿಬ್ಬಂದಿಯ ಬಾಗಿಲು ತೆಗೆದು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ಪ್ರಿಂಟರ್ ರಿಪೇರಿ,” ಎಂದ ಅವನು. “ಇದು ಲಂಚ.”

“ಲಂಚದಲ್ಲಿ ಒಂದು ಕಡಿಮೆ ಇದೆಯಲ್ಲ?”

“ಕಾರಲ್ಲೇ ನನಗೆ ನಾನೇ ಕೊಟ್ಕೊಂಡೆ.”

ಅವನ ತುಟಿಯಂಚಿನಲ್ಲಿ ಕೊಬ್ಬರಿ ಅಂಟಿತ್ತು. ಅವಳು ನೋಡಿದಳು. ನೋಡಿದ್ದನ್ನು ಅವನೂ ನೋಡಿ ಭುಜದಿಂದ ಒರೆಸಿಕೊಂಡ, ಆದರೆ ತಪ್ಪು ಬದಿಗೆ. ಟೀಗನ್ ನಗುತ್ತಾ ತನ್ನ ತುಟಿಯ ಮೇಲೆ ಬೆರಳಿಟ್ಟು ಸರಿಯಾದ ಜಾಗ ತೋರಿಸಿದಳು. ಬೆರಳು ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅಲ್ಲಿ ನಿಂತಿತು.

ಹೆಸರು ಫರ್ಗಸ್. ಮರುದಿನ ಫೋನ್ ಮಾಡಿದ, ಶನಿವಾರ ಕಣಿವೆಯ ತೂಗುಸೇತುವೆಯ ಮೇಲೆ ಸಿಕ್ಕಿದ. ಅಲ್ಲಿನ ನವಿಲೊಂದು ಅವನ ಕೈಯಿಂದ ಆಲೂ ಚಿಪ್ಸ್ ಕಸಿದುಕೊಂಡು ಹೋದಾಗ ಅವಳು ನಕ್ಕು ನಕ್ಕು ಕಂಬಿ ಹಿಡಿದುಕೊಂಡಳು. ಟೀಗನ್ ಕೆಲಸ ಮಾಡುತ್ತಿದ್ದದ್ದು ಆ ಶ್ರವಣ ಕ್ಲಿನಿಕ್ಕಿನ ರಿಸೆಪ್ಷನ್ ಮೇಜಿನಲ್ಲಿ. ಕಿವಿ ಕೇಳದ ಅಜ್ಜ ಅಜ್ಜಿಯರ ಜೊತೆ ಇಡೀ ದಿನ ಕೂಗಿ ಮಾತಾಡುವವಳಿಗೆ, ಮೆಲ್ಲಗೆ ಹೇಳಿದ್ದನ್ನೂ ಕೇಳಿಸಿಕೊಳ್ಳುವವನೊಬ್ಬ ಸಿಕ್ಕಿದ್ದ. ಅವಳು ಎಲ್ಲವನ್ನೂ ಹೇಳಿದಳು.

“ನಮ್ಮಪ್ಪ ಬಸ್ ಡ್ರೈವರ್. ಯಾರಾದ್ರೂ ಓಡಿ ಬರೋದು ಕಂಡ್ರೆ ಬಾಗಿಲು ತೆಗೆದಿಟ್ಕೊಂಡು ಕಾಯ್ತಿದ್ದ. ದಿನಾ ಲೇಟು, ದಿನಾ ಬೈಗುಳ. ಸಾಯೋ ತನಕ ಬುದ್ಧಿ ಬರಲಿಲ್ಲ ಅವನಿಗೆ.”

“ನಿನಗೆ ಬಂದಿದೆಯಾ?”

“ಎಲ್ಲಿ ಬರತ್ತೆ!”

ಫರ್ಗಸ್ ಅವಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ತಲೆ ತಗ್ಗಿಸಿದ. ಅದನ್ನು ಪ್ರೀತಿಯೆಂದೇ ಅವಳು ತಿಳಿದಳು.

ಜೊತೆಯ ಕೆಲಸದ ಹಿರಿಯಳು ಗ್ಲೆನಿಸ್‌ಗೆ ಮಾತ್ರ ಅನುಮಾನ. ತನ್ನ ಮನೆಯ ಪ್ರಿಂಟರ್ ನೋಡಲು ಕರೆದರೆ ಅವನು ಮೇಜುಬಟ್ಟೆಯ ತುಂಬ ಶಾಯಿ ಚೆಲ್ಲಿ ಹೋಗಿದ್ದ. “ಈ ಹುಡುಗನಿಗೆ ಪ್ರಿಂಟರ್ ಗಂಧಗಾಳಿನೂ ಇಲ್ಲ ಕಣೇ.”

“ನಿಮ್ಮ ಎದುರಿಗೆ ಹೆದರಿರಬೇಕು ಬಿಡಿ,” ಎಂದು ಟೀಗನ್ ಅವನ ಪರ ವಹಿಸಿದ್ದಳು.

ಐದನೆಯ ಸೋಮವಾರ ಮಾಲೀಕಿ ಡಾಕ್ಟರ್ ಹೆದರ್ ಎಲ್ಲರನ್ನೂ ಕೂರಿಸಿದರು. ಕ್ಲಿನಿಕ್ಕಿನ ಭದ್ರತೆ ಪರೀಕ್ಷಿಸಲು ಒಂದು ಕಂಪನಿಗೆ ಹೇಳಿದ್ದರಂತೆ, ಇವತ್ತು ವರದಿಯಂತೆ. ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಕೋಟಿನಲ್ಲಿ ಫರ್ಗಸ್ ಒಳಗೆ ಬಂದ. ಅವಳ ಕಡೆ ನೋಡಲಿಲ್ಲ.

ಪರದೆಯ ಮೇಲೆ ಮೊದಲ ಸಾಲು ಮೂಡಿತು: “ಕೇಕು ಹಿಡಿದು ಬಂದ ಅಪರಿಚಿತನಿಗೆ ರಿಸೆಪ್ಷನ್ ಸಿಬ್ಬಂದಿಯೊಬ್ಬರು ಬಾಗಿಲು ಹಿಡಿದರು. ಗುರುತು ಕೇಳಲಿಲ್ಲ. ಅಪಾಯ: ಅತಿ ಹೆಚ್ಚು.” ಟೀ ಕೋಣೆಯ ಡ್ರಾಯರಿನಲ್ಲಿ ಲ್ಯಾಪ್‌ಟಾಪ್ ಇತ್ತು. ನಾಲ್ಕು ಸಾವಿರ ರೋಗಿಗಳ ಹೆಸರು, ಹುಟ್ಟಿದ ದಿನ, ಬ್ಯಾಂಕ್ ವಿವರ ಎಲ್ಲ ಹನ್ನೊಂದು ನಿಮಿಷಕ್ಕೆ ಅವನ ಕೈಗೆ ಬಂದಿತ್ತು.

ಹೆಸರು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ರಿಸೆಪ್ಷನ್ ಮೇಜಿನಲ್ಲಿರುವುದು ಇಬ್ಬರೇ, ಆ ದಿನ ಗ್ಲೆನಿಸ್ ರಜೆಯಲ್ಲಿದ್ದಳು.

“ಇನ್ಮೇಲೆ ಎಲ್ಲ ಲ್ಯಾಪ್‌ಟಾಪಿಗೂ ಎನ್‌ಕ್ರಿಪ್ಷನ್,” ಎಂದರು ಡಾಕ್ಟರ್. “ಕದ್ದವರಿಗೂ ಅರ್ಥವಿಲ್ಲದ ಅಕ್ಷರ ಬಿಟ್ಟು ಏನೂ ಸಿಗಬಾರದು.”

ಟೀಗನ್ ತಲೆ ತಗ್ಗಿಸಿ ಕೂತಿದ್ದಳು. ಲ್ಯಾಪ್‌ಟಾಪಿಗೇನೋ ದಾರಿಯಿತ್ತು. ಅವಳು ನಾಲ್ಕು ವಾರ ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿಬಿಟ್ಟಿದ್ದಳು. ಅವಮಾನದಿಂದ ಕಿವಿ ಸುಡುತ್ತಿತ್ತು.

ಕಾರು ನಿಲ್ಲಿಸುವ ಜಾಗದಲ್ಲಿ ಫರ್ಗಸ್ ಓಡಿ ಬಂದ. “ಟೀಗನ್, ಆ ಕೆಲಸ ಮೊದಲ ಮಂಗಳವಾರವೇ ಮುಗೀತು. ಆಮೇಲಿದ್ದದ್ದೆಲ್ಲ ನಾನೇ. ವರದಿ ಕೊಡೋ ತನಕ ಬಾಯಿ ಬಿಡಬಾರದು ಅಂತ ಒಪ್ಪಂದ ಇತ್ತು.”

“ಬಾಯಿ ಬಿಡಬಾರದು, ಸರಿ. ಬರದೇ ಇರಬಹುದಿತ್ತಲ್ಲ ನೀವು?”

“ನೀವಾ?”

“ನಿಮಗೆ ಒಂದು ತಿಂಗಳು ಕಾಯೋಕಾಗ್ಲಿಲ್ಲ. ಸುಳ್ಳು ಪ್ರಿಂಟರ್ ಕಥೆ ಹೇಳ್ಕೊಂಡು ನನ್ನ ಪಕ್ಕ ಕೂತ್ರಿ. ನಮ್ಮಪ್ಪನ ವಿಷಯ ಕೇಳಿದ್ಮೇಲೂ ಆ ಸಾಲು ಬರೆದ್ರಿ. ಅಪ್ಪ ಕಲಿಸಿದ ಒಂದೇ ಒಂದು ಒಳ್ಳೇದನ್ನ ನಂಬರ್ ಒನ್ ತಪ್ಪು ಮಾಡಿಟ್ರಿ.”

“ಅದು ನಿಜವಾಗಲೂ ಅಪಾಯ ಟೀಗನ್. ಕಳ್ಳ ಬಂದಿದ್ರೆ?”

“ಬಂದಿದ್ನಲ್ಲ,” ಎಂದು ಅವಳು ಕಾರು ಹತ್ತಿದಳು.

ಮರುವಾರ ಹೊಸ ರೂಲು ಬಂತು. ಬಾಗಿಲ ಹೊರಗೆ ಇಂಟರ್‌ಕಾಮ್. ಹೆಸರು, ಹುಟ್ಟಿದ ದಿನ ಹೇಳಿದರೆ ಮಾತ್ರ ಒಳಗೆ. ಕಿವಿ ಕೇಳದವರ ಕ್ಲಿನಿಕ್ಕಿಗೆ ಇಂಟರ್‌ಕಾಮ್!

ಮಂಗಳವಾರ ಹತ್ತೂವರೆಗೆ ಅದು ಕೂಗಿತು. “ಫರ್ಗಸ್ ಟುಲ್ಲಿ. ಕೆಲಸ, ಒಳ್ಳೆಯವರು ಎಲ್ಲಿ ಮೋಸ ಹೋಗ್ತಾರೆ ಅಂತ ಹುಡುಕೋದು. ಟೀಗನ್ ಹತ್ತಿರ ಕ್ಷಮೆ ಕೇಳ್ಬೇಕು.”

ಗಾಜಿನಾಚೆ ಅವನು ಎರಡೂ ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದ. ಈ ಸಲ ಒಂದೂ ಕಡಿಮೆ ಇರಲಿಲ್ಲ. ಅವಳ ಎದೆ ಹೊಡೆದುಕೊಂಡಿತು, ಹಾಳಾದ್ದು.

ಅಷ್ಟರಲ್ಲಿ ವಾಕರ್ ತಳ್ಳಿಕೊಂಡು ಮಿಸೆಸ್ ವೆರಲ್ ಬಂದರು. ಹನ್ನೊಂದು ವರ್ಷದಿಂದ ಬರುತ್ತಿರುವ ರೋಗಿ. ಇಂಟರ್‌ಕಾಮ್ ಕೇಳಿಸದೆ ಸುಮ್ಮನೆ ಗಾಜನ್ನು ನೋಡಿ ನಕ್ಕರು. ಟೀಗನ್ ಎದ್ದು ಹೋಗಿ ಗಾಜಿನೊಳಗಿಂದಲೇ ಕೂಗಿದಳು. “ಹುಟ್ಟಿದ ದಿನ ಹೇಳಿ ಮಿಸೆಸ್ ವೆರಲ್!”

“ಅಯ್ಯೋ ಮಗಳೇ, ನನ್ನ ಮರೆತುಬಿಟ್ಯಾ?”

ಟೀಗನ್ ಬಾಗಿಲು ತೆಗೆದು ಬೆನ್ನು ಕೊಟ್ಟು ನಿಂತಳು. ಅಜ್ಜಿ ನಿಧಾನವಾಗಿ ಒಳಗೆ ಬಂದರು. ಫರ್ಗಸ್‌ಗೆ ಇದ್ದದ್ದು ಒಂದೇ ಹೆಜ್ಜೆ, ದಾರಿ ತೆರೆದಿತ್ತು. ಅವನು ಹಿಂದೆ ಸರಿದ. ಇನ್ನೊಂದು ಹೆಜ್ಜೆಯೂ ಸರಿದ.

“ಅವತ್ತು ಹೀಗೇ ಹೊರಗೆ ನಿಂತು ನಿಜ ಹೇಳಿದ್ದಿದ್ರೆ,” ಎಂದಳು ಟೀಗನ್, “ನಾನೇ ಒಳಗೆ ಕರೀತಿದ್ದೆ.”

ಅವನ ಕಣ್ಣು ತುಂಬಿತ್ತು, ಅವಳದೂ. ಅವಳು ಬಾಗಿಲು ಬಿಟ್ಟಳು. ಅದು ತಾನಾಗಿಯೇ ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಗ್ಲೆನಿಸ್ ಕಿಟಕಿಯಲ್ಲಿ ಇಣುಕಿದಳು. “ಯಾರೋ ಮೆಟ್ಟಿಲ ಮೇಲೆ ಲ್ಯಾಮಿಂಗ್ಟನ್ ಇಟ್ಟು ಹೋಗಿದಾರೆ. ತರ್ಲಾ?”

“ಬೇಡ. ಗೊತ್ತಿಲ್ಲದವರು ತಂದಿದ್ದನ್ನ ಒಳಗೆ ತರಬಾರದಂತೆ.”

“ಯಾರು ತಂದಿದ್ದು ಅಂತ ನಿನಗೆ ಗೊತ್ತಿಲ್ವೇನೇ?”

ಟೀಗನ್ ಕಣ್ಣೊರೆಸಿಕೊಂಡಳು.

“ಗೊತ್ತು ಅಂದ್ಕೊಂಡಿದ್ದೆ.”